ಒಂದು ಬೆಳಗಿಗೆ ಒಂದು ಜೊತೆ ಕಣ್ಣು

ಮಾರ್ಚ್ 4

ಅಮ್ಮಾ,

ಫೋನು ಇರುವಾಗ ಇದೇನು ಕಾಗದದ ಹುಚ್ಚು ಅಂತ ಮತ್ತೆ ಕೇಳಬೇಡ. ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ, ಮುಖ ನೋಡುತ್ತೀಯ. "ಕೆನ್ನೆ ಎಲ್ಲಿ ಹೋಯ್ತೇ?" ಅಂತೀಯ. ಹಿಂದಿನಿಂದ ಅಪ್ಪ ಇಣುಕಿ "ಅಲ್ಲಿ ಈಗ ಗಂಟೆ ಎಷ್ಟು?" ಅಂತಾರೆ. ನಾನು ಗಂಟೆ ಹೇಳುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದಕ್ಕೆ ಕೆನ್ನೆ ಇಲ್ಲ, ಅದಕ್ಕೇ ಬರೆಯುತ್ತೇನೆ.

ಇಲ್ಲಿ ಚಳಿ ಹೋಯಿತು ಅಂತ ಮನೆ ಒಡತಿ ತೀರ್ಮಾನ ಮಾಡಿದ್ದಾರೆ. ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದರು: "ವಸಂತ ಬಂತು. ಹೀಟರ್ ಬಂದ್." ನಾನು ಕೆಳಗೆ "ಸರಿ" ಅಂತ ಬರೆದು, ಎರಡು ಸ್ವೆಟರ್ ಹಾಕಿಕೊಂಡು ಮಲಗಿದೆ. ಇವರ ಬಗ್ಗೆ ನೀನು ಕೇಳಿದ್ದೆಯಲ್ಲ, ನನಗೆ ಗೊತ್ತಿರುವುದು ಇವರ ಕೈಬರಹ ಮಾತ್ರ. ಕೆಳಗೆ ಅವರು, ಮಹಡಿ ಮೇಲೆ ನಾನು, ಅಡುಗೆಮನೆ ಇಬ್ಬರದ್ದು. ಅವರಿಗೆ ಯಾವುದೋ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ನಾನು ಏಳುವ ಮೊದಲೇ ಹೊರಟಿರುತ್ತಾರೆ. ನಾನು ಕ್ಲಾಸು ಮುಗಿಸಿ, ಸಂಜೆ ಲಾಂಡ್ರಿಯಲ್ಲಿ ಬಟ್ಟೆ ಮಡಚಿ ಬರುವಷ್ಟರಲ್ಲಿ ಅವರ ಕೋಣೆಯಲ್ಲಿ ದೀಪ ಆರಿರುತ್ತದೆ. ರಜೆಯ ದಿನ ಮಗನ ಮನೆಗೆ ಹೋಗುತ್ತಾರಂತೆ. ಕೀಲಿಯನ್ನು ಕೂಡ ಶಾಲೆಯ ಆಫೀಸಿನವರು ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದರು. ಒಂದು ಸಲ ಕಿಟಕಿಯಿಂದ ಅವರ ಕೋಟು ರಸ್ತೆ ತಿರುವಿನಲ್ಲಿ ಮಾಯವಾಗುವುದನ್ನು ಕಂಡೆ. ಕೋಟು ಬೂದು ಬಣ್ಣದ್ದು.

ಶಾಲೆಯಲ್ಲಿ ಈಗ ಕೃತಕ ಕಣ್ಣಿನ ಪಾಪೆಗೆ ಬಣ್ಣ ಹಾಕುವುದನ್ನು ಕಲಿಸುತ್ತಿದ್ದಾರೆ. ಬೊಟ್ಟಿನಗಲದ ಬಿಲ್ಲೆ, ಮೂರು ಕೂದಲಿನ ಕುಂಚ. ಬಿಳಿಯ ಭಾಗದ ಮೇಲೆ ರಕ್ತನಾಳಕ್ಕೆ ಕೆಂಪು ರೇಷ್ಮೆ ದಾರವನ್ನು ಎಳೆ ಎಳೆಯಾಗಿ ಬಿಡಿಸಿ ಅಂಟಿಸುತ್ತೇವೆ. ಮೊನ್ನೆ ನಾನು ಯಾರದೋ ಕಣ್ಣನ್ನು "ಕಂದು" ಅಂದದ್ದಕ್ಕೆ ಮೇಷ್ಟ್ರು ಬೈದರು. "ಕಂದು ಅನ್ನೋದು ಸೋಮಾರಿಗಳ ಬಣ್ಣ. ಹೋಗಿ ನೋಡಿ ಬಾ." ಅಂದಿನಿಂದ ನೋಡುವುದೇ ಕೆಲಸ. ನನ್ನ ಬಸ್ಸಿನ ಡ್ರೈವರ್‌ನದು ಹಳೇ ಹಿತ್ತಾಳೆ, ಅಂಚಿಗೆ ಹಸಿರು ಕಿಲುಬು. ಲಾಂಡ್ರಿ ಯಜಮಾನನದು ಎರಡು ಸಲ ಕಾಯಿಸಿದ ಚಹಾ. ಎದುರುಮನೆ ನಾಯಿಯದು ಒಂದು ಕಣ್ಣು ಜೇನು, ಇನ್ನೊಂದು ಬೆಲ್ಲ. ನಾನು ಹೀಗೆ ದಿಟ್ಟಿಸಿದರೆ ನಾಯಿಯೊಂದು ಬಿಟ್ಟು ಉಳಿದವರೆಲ್ಲ ಸೀಟು ಬದಲಾಯಿಸುತ್ತಾರೆ.

ಜೂನಿನಲ್ಲಿ ಕೊನೆಯ ಪರೀಕ್ಷೆ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಬೆಳಗಿನ ಬೆಳಕಿನಲ್ಲಿ, ಅವರದೇ ಕಣ್ಣಿನ ಜೋಡಿ ಮಾಡಿ ತೋರಿಸಬೇಕು. ಮೇಷ್ಟ್ರುಗಳು, ಸಹಪಾಠಿಗಳು ಆಗುವುದಿಲ್ಲ, ಅವರ ಕಣ್ಣು ನಮಗೆ ಬಾಯಿಪಾಠ. ಹೊರಗಿನಿಂದ ಯಾರನ್ನಾದರೂ ನಾವೇ ಕರೆತರಬೇಕು. ಪರೀಕ್ಷೆ ಆಗದಿದ್ದರೆ ಸರ್ಟಿಫಿಕೇಟ್ ಇಲ್ಲ, ಸ್ಕಾಲರ್‌ಶಿಪ್ ಈ ವರ್ಷಕ್ಕೆ ಮಾತ್ರ.

ನನ್ನ ಗೆಳತಿ ಟೋಪಿ ಚೆನ್ನಾಗಿದ್ದಾಳೆ. ನಿನ್ನೆ ಅವಳ ಜೊತೆ ಪಾರ್ಕಿಗೆ ಹೋಗಿದ್ದೆ. ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದಾಳೆ, ಅದಕ್ಕೇ ಸದಾ ಆ ಉಣ್ಣೆ ಟೋಪಿ. ನಗಿಸಿ ನಗಿಸಿ ಸಾಯಿಸಿದಳು. ಆದ್ದರಿಂದ ಮಗಳು ಒಂಟಿ ಅಂತ ಕೊರಗುತ್ತಾ ಕೂರಬೇಡ.

ನಿನ್ನ ಗೂಬೆ


ಮಾರ್ಚ್ 17

ನನ್ನ ಗೂಬೆಮರಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಗಂಟಲೊಂದು ಬಿಟ್ಟು. ದಿನವಿಡೀ ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ ಕೂತು ಊರೂರ ಹೆಸರು ಕೂಗಿ ಮನೆಗೆ ಬಂದರೆ, ನಿಮ್ಮಪ್ಪನನ್ನು ಊಟಕ್ಕೆ ಕರೆಯುವಾಗಲೂ "ಪ್ರಯಾಣಿಕರ ಗಮನಕ್ಕೆ" ಅಂತಲೇ ಬಾಯಿಗೆ ಬರುತ್ತದೆ. ಡಿಪೋದಲ್ಲಿ ಇಂಜಿನ್ ಬಿಚ್ಚಿ ಬಿಚ್ಚಿ ಅವರ ಕಿವಿ ಮೊದಲೇ ಮಂದ. ಎರಡು ಸಲ ಅನೌನ್ಸ್ ಮಾಡಿದರೆ ಪ್ಲಾಟ್‌ಫಾರಂಗೆ ಬರುತ್ತಾರೆ.

ಈ ವಾರ ನನಗೊಂದು ಮೆಮೊ ಸಿಕ್ಕಿತು. ಮೊನ್ನೆ ಜನ ನೂಕಾಡುವುದನ್ನು ನೋಡಲಾರದೆ ಮೈಕಿನಲ್ಲಿ ಹೇಳಿಬಿಟ್ಟೆ:

ಬಸ್ಸು ಬಂತು, ಬಾಗಿಲಲ್ಲೇ ನಿಲ್ಲಬೇಡಿ,
ಬ್ಯಾಗು ಮರೆತು ಆಮೇಲೆ ನನ್ನ ಬೈಯಬೇಡಿ.

ಜನ ನಕ್ಕರು, ನೂಕಾಟ ನಿಂತಿತು. ಕಂಟ್ರೋಲರ್ ಸಾಹೇಬರು ಮಾತ್ರ ಕರೆಸಿ, "ಏನಮ್ಮಾ, ಇದು ಬಸ್‌ಸ್ಟ್ಯಾಂಡೋ ಕವಿಗೋಷ್ಠಿಯೋ?" ಅಂದರು. "ಕವಿಗೋಷ್ಠಿ ಆಗಿದ್ರೆ ಇಷ್ಟು ಜನ ಎಲ್ಲಿ ಬರ್ತಿದ್ರು ಸಾರ್?" ಅಂದೆ. ಆ ಉತ್ತರಕ್ಕೇ ಮೆಮೊ ಕೊಟ್ಟಿದ್ದು, ಪ್ರಾಸಕ್ಕಲ್ಲ.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಬಸ್ಸು ಹತ್ತುವಾಗಲೆಲ್ಲ ನನ್ನ ಕಿಟಕಿಗೆ ಬಂದು ನಿನ್ನನ್ನು ಕೇಳುತ್ತಾರೆ. ಅದೇ ಡಬ್ಬಿ, ಅದೇ ಮೂರು ಸೈಜಿನ ರೆಡಿಮೇಡ್ ಕಣ್ಣು. ಕಣ್ಣು ಕಳೆದುಕೊಂಡ ಊರ ಮಂದಿಯೆಲ್ಲ ಒಬ್ಬನೇ ಮನುಷ್ಯನ ಹಾಗೆ ದಿಟ್ಟಿಸುತ್ತಾರೆ. "ಅವಳು ಬಂದ ದಿನ ಈ ಡಬ್ಬಿ ಎತ್ತಿ ಬಿಸಾಕ್ತೀನಿ" ಅಂದರು. ಹಾಗಾಗಿ ಪರೀಕ್ಷೆ ಬಿಡುವ ಮಾತೇ ಇಲ್ಲ.

ಅಷ್ಟಕ್ಕೂ ನಿನಗೇನು ಕಷ್ಟ? ಟೋಪಿಯನ್ನು ಕೂರಿಸು. ಪಕ್ಕದ ಕಟ್ಟಡದಲ್ಲಿ ಪಿಟೀಲು ಕಲಿಯುವವಳಿಗೆ ಒಂದು ಬೆಳಗು ಸುಮ್ಮನೆ ಕೂರಲು ಬರುವುದಿಲ್ಲವೇ?

ಅಮ್ಮ

(ಕೆಳಗೆ ಬೇರೆ ಅಕ್ಷರದಲ್ಲಿ) ಚೆನ್ನಾಗಿ ತಿನ್ನು. ಅಲ್ಲಿ ಈಗ ಗಂಟೆ ಎಷ್ಟು? ಅಪ್ಪ


ಏಪ್ರಿಲ್ 3

ಅಮ್ಮಾ,

ನಿನ್ನ ಮೆಮೊ ಓದಿ ಜೋರಾಗಿ ನಕ್ಕುಬಿಟ್ಟೆ. ನನ್ನ ನಗು ಕೇಳಿ ನಾನೇ ಹೆದರಿದೆ. ಶನಿವಾರ ಭಾನುವಾರ ಎರಡೂ ದಿನ ಬಾಯಿ ತೆರೆದದ್ದು ಒಂದೇ ಸಲ. ಅಂಗಡಿಯ ಬಾಗಿಲು ತಾನೇ ತೆರೆದುಕೊಂಡಿತು, ನಾನು "ಥ್ಯಾಂಕ್ಸ್" ಅಂದೆ. ಅದು ಯಂತ್ರದ ಬಾಗಿಲು.

ಟೋಪಿಗೆ ಆಗುವುದಿಲ್ಲ. ಅವತ್ತೇ ಅವಳ ಪಿಟೀಲಿನ ಪರೀಕ್ಷೆ.

ಉಳಿದವರೆಲ್ಲ ಆಗಲೇ ಹೆಸರು ಕೊಟ್ಟಿದ್ದಾರೆ. ಒಬ್ಬಳದು ಗಂಡ, ಒಬ್ಬನದು ತಂಗಿ, ಒಬ್ಬಳು ಬಿಟ್ಟುಹೋದ ಗೆಳೆಯನನ್ನೇ ಕರೆತರುತ್ತಾಳಂತೆ. "ಮೊದಲು ಕಣ್ಣೆತ್ತಿ ನೋಡ್ತಿರಲಿಲ್ಲ, ಈಗ ನೋಡಲೇಬೇಕು, ನಿಯಮ" ಅಂತ ನಕ್ಕಳು. ನಾನು ಲಾಂಡ್ರಿ ಯಜಮಾನನನ್ನು ಕೇಳಿದೆ. "ನಾನು ಕೂತ್ರೆ ಮಿಷನ್‌ಗಳನ್ನ ಯಾರು ನೋಡ್ಕೋತಾರೆ, ನಿನ್ನ ಗಾಜಿನ ಕಣ್ಣಾ?" ಅಂದ. ಗಾಜಿನದಲ್ಲ, ಅಕ್ರಿಲಿಕ್, ಅಂತ ತಿದ್ದಿದೆ. ಅದಕ್ಕೆ ಅವನಿಗೆ ಕೋಪ ಬಂತು. ಪಾರ್ಕಿನ ಬೆಂಚಿನಲ್ಲಿ ದಿನಾ ಪತ್ರಿಕೆ ಓದುವ ಮುದುಕರೊಬ್ಬರಿದ್ದಾರೆ, ಕಣ್ಣು ಮಳೆ ನಿಂತ ಮೇಲಿನ ಆಕಾಶ. ನಾನು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ "ನನಗೇನೂ ಬೇಡಮ್ಮ, ಕೊಳ್ಳೋದಿಲ್ಲ" ಅಂದರು.

ಇಲ್ಲಿಯ ಮರಗಳು ಎಲೆ ಬಿಡುವ ಮೊದಲೇ ಹೂ ಬಿಟ್ಟಿವೆ, ಚಪ್ಪಲಿ ಮೆಟ್ಟುವ ಮೊದಲೇ ಊರು ತಲುಪಿದ ಹಾಗೆ. ನೋಡಲು ಜನ ಜೋಡಿ ಜೋಡಿಯಾಗಿ ಬರುತ್ತಾರೆ, ಒಬ್ಬರನ್ನೊಬ್ಬರು ಮರದ ಕೆಳಗೆ ನಿಲ್ಲಿಸಿ ಫೋಟೋ ಹಿಡಿಯುತ್ತಾರೆ. ನನ್ನನ್ನೂ ಕರೆಯುತ್ತಾರೆ, "ಒಂದು ಫೋಟೋ ತೆಗೀತೀರಾ?" ಅಂತ. ಈ ವಾರ ಬಹಳ ಜನರದ್ದು ತೆಗೆದುಕೊಟ್ಟೆ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಾರೆ. ಹಿಡಿದವಳ ಕಡೆ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ ಬಿಡು.

ಚೀಟಿ ಸಮಾಚಾರ: "ಮೊಟ್ಟೆ ನಿನ್ನದೋ ನನ್ನದೋ?" ನಾನು: "ನಿಮ್ಮದು." ಮರುದಿನ: "ನನ್ನದಲ್ಲ. ಹಾಗಾದರೆ ತಿನ್ನು." ಆ ಮೊಟ್ಟೆ ನನ್ನದೇ ಆಗಿತ್ತು ಅನಿಸುತ್ತದೆ.

ಗೂಬೆ


ಏಪ್ರಿಲ್ 15

ಮರೀ,

ಟೋಪಿಯ ಪರೀಕ್ಷೆ ಇಡೀ ಬೆಳಗು ಇರುತ್ತದೆಯೇ? ನಿಮ್ಮ ಮೇಷ್ಟ್ರನ್ನು ಕೇಳಿ ನಿನ್ನ ದಿನ ಹಿಂದೆ ಮುಂದೆ ಮಾಡಿಸಿಕೋ. ಅಥವಾ ಅವಳ ಮನೆಯವರು ಯಾರಾದರೂ? ಒಬ್ಬ ಗೆಳತಿ ಅಂದರೆ ಅವಳ ಹಿಂದೆ ಒಬ್ಬ ಅಣ್ಣ, ಒಬ್ಬಳು ಅತ್ತೆ, ಕೆಲಸವಿಲ್ಲದ ಒಬ್ಬ ಚಿಕ್ಕಪ್ಪನಾದರೂ ಇರಬೇಕು.

ಇಲ್ಲಿ ಬಿಸಿಲು ಬಲು ಜೋರು, ಮೈಕು ಕೂಡ ಬೆವರುತ್ತಿದೆ ಚೂರು ಚೂರು. ನಿಮ್ಮಪ್ಪ ನಿನ್ನ ಊರಿನ ಗಂಟೆಗೆ ಇನ್ನೊಂದು ಗಡಿಯಾರ ತಂದು ಗೋಡೆಗೆ ಹಾಕಿದ್ದಾರೆ. ಬಂದವರೆಲ್ಲ "ಇದು ಹಾಳಾಗಿದೆ" ಅಂತಾರೆ.

ಹಿಂದಿನ ಕಾಗದ ಎರಡು ಸಲ ಓದಿದೆ. ಫೋಟೋದ ಭಾಗ ಇನ್ನೊಂದು ಸಲ.

ಅಮ್ಮ


ಏಪ್ರಿಲ್ 28

ಅಮ್ಮಾ,

ಚೆನ್ನಾಗಿದ್ದೇನೆ. ಸ್ವಲ್ಪ ನೆಗಡಿ, ಬೇರೇನಿಲ್ಲ. ಟೋಪಿ ಬಿಸಿ ಸೂಪು ತಂದುಕೊಟ್ಟಳು. ಬಗ್ಗಿ ಬಟ್ಟಲು ಇಡುವಾಗ ಅವಳ ಜಡೆ ನನ್ನ ಸ್ವೆಟರಿನ ಗುಂಡಿಗೆ ಸಿಕ್ಕಿಕೊಂಡು ಒಂದೇ ನಗು.

ಮೇ ಕೊನೆಯೊಳಗೆ ಹೆಸರು ಕೊಡಬೇಕು ಅಂದಿದ್ದಾರೆ ಮೇಷ್ಟ್ರು. "ನಿನ್ನ ಕೈ ಚೆನ್ನಾಗಿದೆ. ಆದರೆ ಖಾಲಿ ಕುರ್ಚಿಗೆ ನಾನು ಅಂಕ ಕೊಡೋಕಾಗಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚೆನ್ನಾಗಿದ್ದೇನೆ. ಬೇಗ ಬರೆಯುತ್ತೇನೆ.

ಗೂಬೆ


ಮೇ 8

ನನ್ನ ಮರೀ,

ಕಾಗದ ಬಂದಾಗ ನಿಮ್ಮಪ್ಪನಿಗೆ ಓದಿ ಹೇಳಿದೆ. ಸೂಪು ತಂದ ಭಾಗಕ್ಕೆ ಅವರು "ಒಳ್ಳೇ ಹುಡುಗಿ" ಅಂದರು. ನಾನೂ ಹೌದು ಅಂದೆ. ಆಮೇಲೆ ಅವರು ಡಿಪೋಗೆ ಹೋದರು, ನಾನು ನಿನ್ನ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ.

ಮಾರ್ಚಿನಲ್ಲಿ ಕತ್ತರಿಸಿದ ಕೂದಲು ಏಪ್ರಿಲ್‌ನಲ್ಲಿ ಜಡೆಯಾದದ್ದನ್ನು ವಸಂತದ ಮಹಿಮೆ ಅಂದುಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ನೋಡು, ನೀನು ಬಸ್ ಡ್ರೈವರ್ ಕಣ್ಣು ಬರೆದೆ. ಲಾಂಡ್ರಿಯವನ ಕಣ್ಣು, ಬೆಂಚಿನ ಮುದುಕರ ಕಣ್ಣು ಬರೆದೆ. ನಾಯಿಯದಂತೂ ಎರಡೂ ಕಣ್ಣು ಬೇರೆ ಬೇರೆ ಬರೆದೆ. ಚಳಿಗಾಲದಿಂದ ಜೊತೆಗಿರುವ ಗೆಳತಿಯ ಟೋಪಿ ಬರೆದೆ, ನಗು ಬರೆದೆ, ಪಿಟೀಲು ಬರೆದೆ. ಅವಳ ಕಣ್ಣು ಯಾವ ಬಣ್ಣ ಅಂತ ಒಂದು ಸಾಲೂ ಇಲ್ಲ.

ನಾನೇನೂ ಕೇಳುತ್ತಿಲ್ಲ. ನೀನೇನೂ ಹೇಳಬೇಕಾಗಿಲ್ಲ. ಯಾರಿಗೆ ಟೋಪಿ ಹಾಕಿದೆ ಅಂತ ಜಗಳವಾಡುವ ಅಮ್ಮ ನಾನಲ್ಲ. ಒಂದು ಮಾತು ಮಾತ್ರ. ಚಳಿಗಾಲ ಪೂರ್ತಿ, ನೀನು ಹೇಗಿದ್ದೀಯೋ ಅಂತ ರಾತ್ರಿ ಎಚ್ಚರವಾದಾಗಲೆಲ್ಲ, ಅವಳಿದ್ದಾಳಲ್ಲ ಅಂತ ಮಗ್ಗುಲು ಬದಲಾಯಿಸಿ ಮಲಗಿದ್ದೇನೆ. ಆ ಹುಡುಗಿಯಿಂದ ನನಗೆ ನಿದ್ದೆ ಬಂತು. ಅವಳು ಎಲ್ಲಿದ್ದರೂ ಚೆನ್ನಾಗಿರಲಿ. ಅವಳು ಊರಿಗೆ ಹೋಗಬೇಕೆಂದಿದ್ದರೆ ಇನ್ನು ತಡೆಯಬೇಡ, ಕಳಿಸಿಕೊಡು.

ಈಗ ಕುರ್ಚಿಯ ವಿಷಯ. ನೀನು ಒಬ್ಬೊಬ್ಬರ ಹತ್ತಿರ ಹೋಗಿ ಮೆಲ್ಲಗೆ ಕೇಳುತ್ತೀಯ. ನನ್ನ ಕೆಲಸದಲ್ಲಿ ಅದು ನಡೆಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಗು ತಪ್ಪಿಸಿಕೊಂಡರೆ ತಾಯಂದಿರು ಒಬ್ಬೊಬ್ಬರ ಮುಖ ನೋಡಿ "ನೋಡಿದ್ರಾ, ನೋಡಿದ್ರಾ" ಅಂತ ಓಡಾಡುತ್ತಾರೆ. ಪ್ರತಿಯೊಬ್ಬನೂ ತನ್ನ ಬಸ್ಸಿನ ಆತುರದಲ್ಲಿ ಇಲ್ಲ ಅನ್ನುತ್ತಾನೆ. ಅದೇ ನಾನು ಮೈಕಿನಲ್ಲಿ ಒಂದೇ ಸಲ ಕೂಗಿದರೆ, ಇಡೀ ನಿಲ್ದಾಣದಲ್ಲಿ ಯಾರೋ ಒಬ್ಬರು, ಅವರು ಯಾರೆಂದು ನನಗೂ ಗೊತ್ತಿಲ್ಲ, ಮಗುವಿನ ಕೈ ಹಿಡಿದು ನನ್ನ ಕಿಟಕಿಗೆ ಬರುತ್ತಾರೆ. ಎದುರಿಗೆ ನಿಂತು ಕೇಳಿದರೆ ಇಲ್ಲ ಅನ್ನುವವನೇ, ಕೂಗಿದರೆ ಬರುತ್ತಾನೆ. ಏಕೆಂದು ಕೇಳಬೇಡ. ಆ ಕಿಟಕಿಯಲ್ಲಿ ನಾನು ಕಂಡದ್ದು ಇದು.

ಆದ್ದರಿಂದ ಕೂಗು. ಲಾಂಡ್ರಿ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕು. ನಾಚಿಕೆಯಾದರೆ ನನ್ನ ಪದ್ಯ ತೆಗೆದುಕೋ, ಅವರ ಭಾಷೆಗೆ ತಿರುಗಿಸು. ಪ್ರಾಸ ಹೋದರೆ ಹೋಗಲಿ, ನನ್ನ ಮೇಲೆ ಮೆಮೊ ಬರುವುದಿಲ್ಲ.

ಕಣ್ಣು ಒಂದು ಜೊತೆ ಬೇಕು, ಒಂದು ಬೆಳಗು ಕೂತರೆ ಸಾಕು.
ಕುಂಚ ಕಣ್ಣಿಗೆ ತಾಕುವುದಿಲ್ಲ, ಕೂರುವ ತಾಳ್ಮೆ ಮಾತ್ರ ಬೇಕು.

ಯಾವಾಗಲೂ ನಿನ್ನ
ಅಮ್ಮ

(ಬೇರೆ ಅಕ್ಷರದಲ್ಲಿ) ನಾನು ಬಂದು ಕೂರಲೇ ಅಂದೆ. ವಿಮಾನ ಡಿಪೋಗೆ ಬರುವುದಿಲ್ಲ ಅಂದಳು ನಿಮ್ಮಮ್ಮ. ಅಪ್ಪ


ಮೇ 25

ಅಮ್ಮಾ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ. ನನ್ನ ಸ್ಟಾಪು ದಾಟಿ ಮೂರು ಸ್ಟಾಪು ಹೋಗಿಬಿಟ್ಟೆ. ಅಲ್ಲಿಂದ ನಡೆದು ಬಂದೆ, ಮುಖ ಒಣಗಲು ಅಷ್ಟು ದೂರ ಬೇಕಿತ್ತು.

ಟೋಪಿ ಊರಿಗೆ ಹೋದಳು. ಹೋಗುವಾಗ ಏನೂ ಹೇಳಲಿಲ್ಲ. ಅಪ್ಪನಿಗೆ ನೀನೇ ಏನಾದರೂ ಹೇಳು.

ಪದ್ಯವನ್ನು ಇಲ್ಲಿಯ ಭಾಷೆಗೆ ತಿರುಗಿಸಿ, ದಪ್ಪ ಪೆನ್ನಿನಲ್ಲಿ ಬರೆದು ಲಾಂಡ್ರಿಯ ಗೋಡೆಗೆ ಅಂಟಿಸಿದೆ. ಪ್ರಾಸ ಹೋಯಿತು. ಕೆಳಗೆ ನನ್ನ ಹೆಸರು, ಶಾಲೆ. ಯಜಮಾನ ಓದಿ, "ನನ್ನ ಗಿರಾಕಿಗಳು ಓಡಿ ಹೋಗ್ತಾರೆ" ಅಂದ. ಆದರೆ ಕೀಳಲಿಲ್ಲ. ಮೂಲೆ ಬಿಟ್ಟುಕೊಂಡಾಗ ತಾನೇ ಇನ್ನೊಂದು ಅಂಟು ಹಾಕಿದ್ದ.

ಮೊದಲ ದಿನ ಒಬ್ಬ ಬಂದ. ಕಣ್ಣು ಕೊಟ್ಟರೆ ಒಂದು ವರ್ಷ ಬಟ್ಟೆ ಪುಕ್ಕಟೆ ಒಗೆದುಕೊಡ್ತೀರಾ ಅಂತ ಕೇಳಿದ. ಆಮೇಲೆ ಯಾರೂ ಇಲ್ಲ. ಜನ ಓದುತ್ತಾರೆ, ನಗುತ್ತಾರೆ, ಬಟ್ಟೆ ತೆಗೆದುಕೊಂಡು ಹೋಗುತ್ತಾರೆ. ನಿನ್ನ ಕಿಟಕಿ ಬೇರೆ, ನನ್ನ ಗೋಡೆ ಬೇರೆ ಅಂತ ಕಾಗದ ಬರೆಯಲು ಕೂತಿದ್ದೆ. ಶಾಲೆಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಆಗುವುದಿಲ್ಲ ಅಂತ ಹೇಳುವುದು ಹೇಗೆ ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ.

ಇವತ್ತು ಬೆಳಿಗ್ಗೆ ಚಹಾಕ್ಕೆ ಕೆಳಗಿಳಿದೆ. ಫ್ರಿಜ್ಜಿನ ಮೇಲೆ ಚೀಟಿ. ಕಸದ ವಿಷಯ ಅಂದುಕೊಂಡೆ. ಓದಿದ ಹಾಗೇ ನಿನಗೆ ಬರೆಯುತ್ತೇನೆ:

"ಏಪ್ರನ್ ಒಗೆಯಲು ಕೊಟ್ಟೆ. ಲಾಂಡ್ರಿ ಗೋಡೆಯ ಮೇಲಿನ ಅಕ್ಷರ ನಮ್ಮ ಫ್ರಿಜ್ಜಿನ ಅಕ್ಷರವೇ. ಹೆಸರು ನೋಡುವ ಮೊದಲೇ ಗೊತ್ತಾಯಿತು. ನನಗೆ ಎರಡು ಕಣ್ಣಿವೆ. ಯಾವ ದಿನ?"

ಅಮ್ಮಾ, ನಾನು ಊರೆಲ್ಲ ಕಣ್ಣು ಹುಡುಕಿದೆ. ಬೆಂಚಿನ ಅಪರಿಚಿತರನ್ನೂ ಕೇಳಿದೆ. ನಾನು ಇರುವ ಮನೆಯಲ್ಲೇ ಕೇಳಬೇಕೆಂದು ಹೊಳೆಯಲೇ ಇಲ್ಲ. ಚೀಟಿಗೆ ಕಣ್ಣಿರುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ? ದಿನಾಂಕ ಬರೆದೆ. ಕೆಳಗೆ ಏನಾದರೂ ಬರೆಯಬೇಕೆಂದು ಬಹಳ ಹೊತ್ತು ನಿಂತಿದ್ದೆ. ಕೊನೆಗೆ "ಸರಿ" ಅಂತಲೇ ಬರೆದೆ.

ಗೂಬೆ


ಜೂನ್ 7

ಅಮ್ಮಾ,

ನಿನ್ನೆ ಪರೀಕ್ಷೆ ಆಯಿತು. ಪಾಸು. ಮೊದಲೇ ಹೇಳಿದೆ, ಇನ್ನು ನಿಧಾನವಾಗಿ ಓದು. ಡಾಕ್ಟರಮ್ಮನಿಗೆ ಡಬ್ಬಿ ಬಿಸಾಕಲು ಹೇಳು.

ಮನೆ ಒಡತಿ ಬೆಳಿಗ್ಗೆ ಆಸ್ಪತ್ರೆಯಿಂದ ನೇರ ಶಾಲೆಗೆ ಬಂದರು. ಬಾಗಿಲಲ್ಲಿ ನಿಂತು ಕೋಣೆಯಲ್ಲಿದ್ದ ಎಲ್ಲರನ್ನೂ ಒಂದು ಸುತ್ತು ನೋಡಿದರು. ನನ್ನ ಗುರುತು ಅವರಿಗಿಲ್ಲ, ಅವರ ಗುರುತು ನನಗಿಲ್ಲ. ಬೂದು ಕೋಟು ನೋಡಿ ನಾನೇ ಎದ್ದೆ. ನಿನಗಿಂತ ದೊಡ್ಡವರು, ಅಜ್ಜಿ ಅನ್ನುವಷ್ಟಲ್ಲ. ಕೈಯೆಲ್ಲ ಈರುಳ್ಳಿ ವಾಸನೆ. "ಓ, ಇಷ್ಟು ಸಣ್ಣವಳಾ ನೀನು!" ಅಂದರು. "ಅಕ್ಷರ ದಪ್ಪ ಇತ್ತು."

ಕಿಟಕಿ ಪಕ್ಕ ಕೂರಿಸಿದೆ. ಕೂತವರು ಬಣ್ಣ ಹಾಕುವವರ ಮುಖವನ್ನೇ ನೇರವಾಗಿ ನೋಡುತ್ತಿರಬೇಕು, ಅದು ನಿಯಮ. "ಮಾತಾಡಬಹುದಾ?" ಅಂತ ಮೇಷ್ಟ್ರನ್ನು ಕೇಳಿದರು. "ಮಾತಾಡಬಹುದು, ಅಲ್ಲಾಡಬಾರದು" ಅಂದರು ಮೇಷ್ಟ್ರು.

ದೂರದಿಂದ ಒದ್ದೆ ಸ್ಲೇಟಿನ ಬಣ್ಣ. ಹತ್ತಿರ ಹೋದರೆ ನಡುವಿನ ಕಪ್ಪಿನ ಸುತ್ತ ತೆಳು ಹಳದಿ, ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ. ಎಡಗಣ್ಣಿನಲ್ಲಿ ಕೆಳಗೆ ಸಾಸಿವೆಯಷ್ಟು ಒಂದು ಕಂದು ಚುಕ್ಕೆ. ಹೌದು, ಕಂದು. ಅದಕ್ಕೆ ಬೇರೆ ಹೆಸರಿಲ್ಲ.

ಮೊದಲ ಪದರ ಒಣಗುತ್ತಿರುವಾಗ ಅವರು ಕೇಳಿದರು, "ನೀನು ಮನೆಗೆ ಬಂದಾಗ ಬೂಟಿನ ಸದ್ದೇ ಇರಲ್ಲ, ಕೈಯಲ್ಲಿ ಹಿಡ್ಕೊಂಡು ಮೆಟ್ಟಿಲು ಹತ್ತುತ್ತೀಯಾ, ಯಾಕೆ?"

"ನಿಮಗೆ ಎಚ್ಚರ ಆಗಬಾರದು ಅಂತ."

"ಅಯ್ಯೋ ಹುಚ್ಚಿ! ಯಾರೋ ಮನೆಗೆ ಬಂದ ಸದ್ದು ಕೇಳ್ಲಿ ಅಂತಾನೇ ನಾನು ಬಾಗಿಲು ಸ್ವಲ್ಪ ತೆಗೆದಿಟ್ಟು ಮಲಗೋದು. ಮಗ ಬೇರೆ ಮನೆ ಮಾಡಿದ ಮೇಲೆ ಕೋಣೆ ಬಾಡಿಗೆಗೆ ಕೊಟ್ಟಿದ್ದು ಆ ಸದ್ದಿಗೇ. ನೀನು ನೋಡಿದ್ರೆ ಬೆಕ್ಕಿಗಿಂತ ಕಡೆ. ಏಣಿ ಹಾಕಿ ಕಿಟಕಿಯಿಂದ ಬರ್ತಾಳೋ ಏನೋ ಅಂದ್ಕೊಂಡಿದ್ದೆ."

ನಾನು ನಕ್ಕೆ. ಆಮೇಲೆ ಸಾಸಿವೆ ಚುಕ್ಕೆ ಕಾಣಿಸಲಿಲ್ಲ. ಮೇಷ್ಟ್ರು ಬಂದು "ಕಣ್ಣೊರೆಸ್ಕೊಳಿ, ಒದ್ದೆ ಇದ್ರೆ ಬಣ್ಣ ತಪ್ಪುತ್ತೆ" ಅಂದರು. ಅವರು "ನಂದು ಒಣಗೇ ಇದೆ" ಅಂತ ನನ್ನ ಕಡೆ ಕೈ ತೋರಿಸಿದರು. ಕುಂಚ ಕೆಳಗಿಟ್ಟೆ. ಏಪ್ರನ್ ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟರು. ಅದಕ್ಕೂ ಈರುಳ್ಳಿ ವಾಸನೆ, ಒರೆಸಿಕೊಂಡಷ್ಟೂ ನೀರು. ಸಮಯ ಹೋಗುತ್ತಿತ್ತು. ಅವರು ಮಾತ್ರ ಅಲ್ಲಾಡದೆ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಅದು ನಿಯಮ, ಗೊತ್ತು. ಆದರೂ ಅಮ್ಮಾ, ನಿನ್ನ ಮನೆ ಬಿಟ್ಟ ಮೇಲೆ ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿರಲಿಲ್ಲ.

ಕೊನೆಗೆ ಮೇಷ್ಟ್ರು ನನ್ನ ಬಿಲ್ಲೆಯನ್ನು ಅವರ ಕೆನ್ನೆಗೆ ಹಿಡಿದು, ಕಿಟಕಿಯ ಕಡೆ ತಿರುಗಿಸಿ, ಹಿಂದೆ ಸರಿದು ನೋಡಿದರು. "ಚುಕ್ಕೆ ಒಂದು ಎಳೆ ದೊಡ್ಡದಾಯ್ತು" ಅಂದರು. "ಉಳಿದದ್ದು ಯಾವುದು ನಿಜ ಅಂತ ಕೇಳಬೇಡ, ನನಗೂ ತಿಳೀತಿಲ್ಲ."

ಎಲ್ಲರದೂ ಮುಗಿಯುವವರೆಗೆ ಅವರೂ ಕಾದರು, ಸಂಜೆ ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರು ಮಗನ ಮನೆಯ ಕಥೆ, ನಾನು ನಿನ್ನ ಮೆಮೊ ಕಥೆ. ಬಾಗಿಲ ಮುಂದೆ ಬಂದು ಇಬ್ಬರೂ ಕೀಲಿ ತೆಗೆದೆವು. ಅವರ ಕೈಯಲ್ಲೊಂದು, ನನ್ನ ಕೈಯಲ್ಲೊಂದು, ಒಂದೇ ಬೀಗ.

"ನೀವು ತೆಗೀರಿ" ಅಂದೆ.

"ನೀನೇ ತೆಗಿ, ನಿನ್ನ ಪರೀಕ್ಷೆ ದಿನ."

"ಅಯ್ಯೋ, ನಿಮ್ಮ ಮನೆ."

"ಮನೆ ನಂದು, ಬಾಗಿಲು ಇಬ್ಬರದ್ದು."

ಆ ಬಾಗಿಲನ್ನು ನಾವಿಬ್ಬರೂ ಯಾವಾಗಲೂ ಒಬ್ಬೊಬ್ಬರೇ ತೆಗೆದವರು. ಇಬ್ಬರು ಒಟ್ಟಿಗೆ ಬಂದರೆ ಯಾರು ಮೊದಲು ಅನ್ನುವುದು ಇಬ್ಬರಿಗೂ ಅಭ್ಯಾಸ ಇಲ್ಲ. ಇವರು ತೆಗೆಯುತ್ತಾರೆ ಅಂತ ನಾನು, ನಾನು ತೆಗೆಯುತ್ತೇನೆ ಅಂತ ಅವರು. ಪಕ್ಕದ ಮನೆಯವರು ಕೀಲಿ ಕಳೆದಿದೆಯಾ ಅಂತ ಕೂಗಿ ಕೇಳಿದರು.

ಕೊನೆಗೆ ಅವರೇ ಕಾಲು ನೋವು ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಈಗ ಇಲ್ಲಿ ಸಂಜೆ ಬಹಳ ಉದ್ದ. ಬೂಟು ಬಿಚ್ಚಲು ಬಗ್ಗಿದೆ. ಬೇಡ, ಇರಲಿ ಬಿಡು, ಅಂದರು.

ನಿನ್ನ
ಗೂಬೆ